ಕಾರಿನ ಉಸಿರು, ಕಾನೂನಿನ ಕಣ್ಣು

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ 182ಎ ಎಂಬ ಕಲಮೊಂದಿದೆ. ಅದರ ನಾಲ್ಕನೆಯ ಉಪಕಲಮನ್ನು ಓದಿದ ಕಾರು ಮಾಲೀಕರು ನಮ್ಮಲ್ಲಿ ವಿರಳ. ಕಾಯ್ದೆ ಒಪ್ಪದ ರೀತಿಯಲ್ಲಿ ತನ್ನ ವಾಹನವನ್ನು ಮಾರ್ಪಡಿಸಿದವನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ ಎಂದು ಅದು ಹೇಳುತ್ತದೆ. ಅದೇ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ, ತಯಾರಕರು ಗೊತ್ತುಪಡಿಸಿದ ಮೂಲ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸ್ಪಷ್ಟಪಡಿಸಿತ್ತು. ಮೂರು ಅಡಿ ಉದ್ದದ ಸೈಲೆನ್ಸರ್ ಕಟ್ಟಿಕೊಂಡು ನಡುರಾತ್ರಿಯಲ್ಲಿ ಊರನ್ನೆಲ್ಲ ಎಬ್ಬಿಸುವವರನ್ನು ನೆನೆದಾಗ ಈ ಬಿಗಿ ಬೇಕಿತ್ತು ಎಂದೇ ಅನ್ನಿಸುತ್ತದೆ. ಆದರೆ ಇದೇ ಬಲೆಯೊಳಗೆ ಇನ್ನೊಂದು ಬಗೆಯ ಜೀವಿಯೂ ಸಿಕ್ಕಿಬೀಳುತ್ತದೆ. ರಜಾದಿನದ ಬೆಳಿಗ್ಗೆ ಮನೆಯ ಮುಂದೆ ಬಾನೆಟ್ ಎತ್ತಿ, ಏರ್ ಫಿಲ್ಟರಿನ ಡಬ್ಬಿ ಬಿಚ್ಚಿ, ಅದರ ಜಾಗದಲ್ಲಿ ತಾನೇ ಕತ್ತರಿಸಿದ ಕೊಳವೆಯೊಂದನ್ನು ಕೂರಿಸಲು ಹೆಣಗುವ ಹುಡುಗ ಅವನು. ಅವನ ಬಗ್ಗೆ ಕೆಲವು ಮಾತು ಹೇಳಬೇಕಾಗಿದೆ.

ಪಾಲಿಟೆಕ್ನಿಕ್ಕಿನಲ್ಲಿ ಬಹುಕಾಲ ಆಟೊಮೊಬೈಲ್ ಪಾಠ ಹೇಳಿದ ನನಗೆ ಈ ಹುಡುಗರ ಪರಿಚಯ ಚೆನ್ನಾಗಿಯೇ ಇದೆ. ಅವರ ತರ್ಕ ಸರಳ. ಎಂಜಿನ್ ಉಸಿರಾಡುವ ಯಂತ್ರ. ಹೆಚ್ಚು ಗಾಳಿ ಒಳಹೊಕ್ಕರೆ ಹೆಚ್ಚು ಪೆಟ್ರೋಲ್ ಉರಿಯುತ್ತದೆ, ಹೆಚ್ಚು ಶಕ್ತಿ ಹೊರಡುತ್ತದೆ. ಕಂಪೆನಿಯವರು ಕೊಟ್ಟ ಕಪ್ಪು ಪ್ಲಾಸ್ಟಿಕ್ ಡಬ್ಬಿ, ಅದರೊಳಗಿನ ಮಡಿಕೆ ಕಾಗದ, ಅಂಕುಡೊಂಕಾದ ಕೊಳವೆ ಇವೆಲ್ಲ ಆ ಉಸಿರಿಗೆ ಅಡ್ಡಿ. ಆದ್ದರಿಂದ ಇವನ್ನು ಕಿತ್ತು, ಶಂಕುವಿನಾಕಾರದ ತೆರೆದ ಫಿಲ್ಟರೊಂದನ್ನು ನೇರ ಕೊಳವೆಗೆ ಸಿಕ್ಕಿಸಿದರೆ ಕಾರು ಹಾರುತ್ತದೆ. ಈ ವಾದದ ಮೊದಲ ಅರ್ಧ ಸರಿಯಾಗಿಯೇ ಇದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಅದರ ತೂಕದ 14.7ರಷ್ಟು ಗಾಳಿ ಬೇಕು. ಬೆಂಗಳೂರಿನ ಎತ್ತರದಲ್ಲಿ ಲೆಕ್ಕ ಹಾಕಿದರೆ ಅದು ಸುಮಾರು 10,000 ಲೀಟರ್. ನಮ್ಮ ಬಡಾವಣೆಗಳಿಗೆ ಬರುವ 5,000 ಲೀಟರಿನ ನೀರಿನ ಟ್ಯಾಂಕರುಗಳು ಎರಡನ್ನು ತುಂಬುವಷ್ಟು ಗಾಳಿಯನ್ನು, ಒಂದು ಲೀಟರ್ ಪೆಟ್ರೋಲಿಗಾಗಿ, ಆ ಪುಟ್ಟ ಡಬ್ಬಿ ಸೋಸಿ ಕಳಿಸುತ್ತದೆ.

ವಾದದ ಉಳಿದರ್ಧವೇ ತೊಡಕಿನದು. ಪೆಟ್ರೋಲ್ ಎಂಜಿನ್ನಿನ ವೇಗವನ್ನು ನಾವು ಹತೋಟಿಯಲ್ಲಿಡುವುದೇ ಅದರ ಉಸಿರು ಕಟ್ಟಿಸುವ ಮೂಲಕ. ಆಕ್ಸಿಲರೇಟರಿನ ಮೇಲೆ ಕಾಲಿಟ್ಟಾಗ ತೆರೆದುಕೊಳ್ಳುವುದು ಥ್ರಾಟಲ್ ಎಂಬ ಒಂದು ಪುಟ್ಟ ಬಾಗಿಲು. ಪೇಟೆಯ ಓಡಾಟದಲ್ಲಿ ಅದು ತೆರೆಯುವುದು ಬೆರಳು ತೂರಿಸುವಷ್ಟು ಮಾತ್ರ. ಮನೆಯ ಬಾಗಿಲು ಅರೆಮುಚ್ಚಿರುವಾಗ ಕಾಂಪೌಂಡಿನ ಗೇಟನ್ನು ಎಷ್ಟು ಅಗಲ ಮಾಡಿದರೇನು? ಫಿಲ್ಟರಿನ ತಡೆ ಲೆಕ್ಕಕ್ಕೆ ಬರುವುದು ಥ್ರಾಟಲ್ ಪೂರ್ತಿ ತೆರೆದು ಎಂಜಿನ್ ತನ್ನ ಗರಿಷ್ಠ ವೇಗದಲ್ಲಿ ಸುತ್ತುವಾಗ. ಆ ಭಾಗ್ಯ ನಮ್ಮ ಹೊರವರ್ತುಲ ರಸ್ತೆಯಲ್ಲಿ ವರ್ಷಕ್ಕೆಷ್ಟು ಸಲ ಒದಗುತ್ತದೆ ಎಂಬುದನ್ನು ಓದುಗರೇ ಹೇಳಬೇಕು. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ನಡೆಸಿದ ಪರೀಕ್ಷೆಗಳು ಇದನ್ನೇ ಇನ್ನೊಂದು ದಿಕ್ಕಿನಿಂದ ತೋರಿಸಿಕೊಟ್ಟವು. ಇಂಧನ ಚಿಮ್ಮಿಸುವ ವ್ಯವಸ್ಥೆಯಿರುವ ಆಧುನಿಕ ಕಾರುಗಳಲ್ಲಿ ಫಿಲ್ಟರ್ ಕೊಳೆಯಿಂದ ಕಟ್ಟಿಕೊಂಡರೂ ಮೈಲೇಜ್ ಗಮನಾರ್ಹವಾಗಿ ಇಳಿಯಲಿಲ್ಲ. ಕುಗ್ಗಿದ್ದು ವೇಗ ಹೆಚ್ಚಿಸಿಕೊಳ್ಳುವ ಚುರುಕು ಮಾತ್ರ. ಕೊಳಕು ಫಿಲ್ಟರೇ ಇಂಧನವನ್ನು ತಿನ್ನುವುದಿಲ್ಲವೆಂದಾದರೆ ಶುಚಿಯಾದ ಮೂಲ ಫಿಲ್ಟರನ್ನು ಕಿತ್ತೆಸೆದು ಮೈಲೇಜ್ ಗಳಿಸುವ ಮಾತೆಲ್ಲಿಂದ ಬಂತು? ಕಾರ್ಬ್ಯುರೇಟರ್ ಕಾಲದ ಅಂಬಾಸಿಡರ್, ಪದ್ಮಿನಿಗಳ ಕತೆ ಬೇರೆ. ಅಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ಖರ್ಚು ನಿಜಕ್ಕೂ ಏರುತ್ತಿತ್ತು. ಬಂಕಿನಲ್ಲಿ ಗಾಳಿ ಹೊಡೆಸಿ ಫಿಲ್ಟರ್ ಕೊಡವುತ್ತಿದ್ದ ತಂದೆಯರ ಅನುಭವವೇ ಮಕ್ಕಳ ನಂಬಿಕೆಯಾಗಿ ಉಳಿದುಬಂದಿದೆ ಎಂದು ನನ್ನ ಗುಮಾನಿ.

ಇನ್ನು ಶಾಖದ ವಿಚಾರ. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. ಕಂಪೆನಿಯ ಕೊಳವೆ ಅಂಕುಡೊಂಕಾಗಿರುವುದು ಎಂಜಿನಿಯರುಗಳ ಅಜ್ಞಾನದಿಂದಲ್ಲ. ಅದರ ಬಾಯಿ ರೇಡಿಯೇಟರಿನ ಹಿಂದಿನ ಕಾವಿಗೆ ಸಿಗದೆ ಕಾರಿನ ಮುಂಭಾಗದ ತಂಪು ಗಾಳಿಯನ್ನು ಹೀರಲೆಂದು. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇರುವಾಗ ಬಾನೆಟ್ಟಿನೊಳಗಿನ 60 ಡಿಗ್ರಿಯ ಗಾಳಿಯನ್ನು ಎಂಜಿನ್ನಿಗೆ ಕುಡಿಸಿದರೆ ಪ್ರತಿ ಉಸಿರಿನಲ್ಲೂ ಸುಮಾರು ಶೇ 9ರಷ್ಟು ಗಾಳಿ ಕಡಿಮೆಯಾಗುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮಿಗಿಲಾದ ಎತ್ತರದಲ್ಲಿರುವ ಈ ಊರು ಅದಾಗಲೇ ಹೆಚ್ಚುಕಡಿಮೆ ಅಷ್ಟನ್ನೇ ಸುಂಕವಾಗಿ ವಸೂಲು ಮಾಡಿದೆ. ಅದರ ಮೇಲೆ ಈ ಎರಡನೆಯ ಸುಂಕವನ್ನು ನಮ್ಮ ಹುಡುಗ ಕೈಯಾರೆ ಕಟ್ಟುತ್ತಾನೆ. ಕಾರು ಓಡುತ್ತಿದ್ದರೆ ಒಳಗಿನ ಕಾವು ಇಳಿಯುತ್ತದೆ, ನಿಜ. ಸಿಲ್ಕ್ ಬೋರ್ಡ್ ವೃತ್ತದಲ್ಲಿ ಓಡುವ ಮಾತೆಲ್ಲಿ?

ಹಾಗಿದ್ದರೂ ಮಾರ್ಪಾಡು ಮಾಡಿಸಿದವರೆಲ್ಲ ಕಾರು ಚುರುಕಾಗಿದೆ ಎಂದೇ ಆಣೆ ಮಾಡುತ್ತಾರೆ. ಅವರೇನೂ ಸುಳ್ಳು ಹೇಳುತ್ತಿಲ್ಲ. ಅವರ ಕಿವಿ ಅವರಿಗೆ ಹಾಗೆ ಹೇಳುತ್ತಿದೆ. ಮೂಲ ಕೊಳವೆಗೆ ಅಂಟಿಕೊಂಡಂತೆ ಕೆಲವು ಕಾರುಗಳಲ್ಲಿ ಒಂದು ಖಾಲಿ ಡಬ್ಬಿ ಇರುತ್ತದೆ. ಒಳಗೆ ಏನೂ ಇಲ್ಲ, ದಾರಿಯೂ ಇಲ್ಲ. ಮನೆಯಲ್ಲಿ ರಿಪೇರಿಗೆ ಕೂತವರು ಇದನ್ನು ನಿರುಪಯೋಗಿಯೆಂದು ಮೊದಲು ಕಿತ್ತುಹಾಕುತ್ತಾರೆ. ವಾಸ್ತವವಾಗಿ ಅದು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹೆಸರಿನ ಅನುನಾದಕ. ಖಾಲಿ ಸೀಸೆಯ ಬಾಯಿಗೆ ಊದಿದರೆ ಒಂದೇ ಶ್ರುತಿ ಹೊರಡುತ್ತದಲ್ಲ, ಅದೇ ತತ್ತ್ವದಿಂದ ಅದು ಎಂಜಿನ್ ಗಾಳಿ ಹೀರುವಾಗಿನ ಮೊರೆತದ ನಿರ್ದಿಷ್ಟ ಶ್ರುತಿಯನ್ನು ನುಂಗುತ್ತದೆ. ಅದನ್ನು ಕಿತ್ತರೆ ಮೊರೆತ ಬಿಡುಗಡೆಯಾಗುತ್ತದೆ. ಸದ್ದು ಹೆಚ್ಚಿದಾಗ ವೇಗವೂ ಹೆಚ್ಚಿತೆಂದು ಮನಸ್ಸು ಭಾವಿಸುತ್ತದೆ. ಈ ಭ್ರಮೆಯನ್ನು ಮಾರಿಯೇ ಬದುಕುವ ಅಂಗಡಿಗಳಿವೆ.

ಶಕ್ತಿ ಸಿಗದಿದ್ದರೆ ಹೋಗಲಿ, ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. ನಮ್ಮ ರಸ್ತೆಗಳ ಧೂಳಿನಲ್ಲಿ ಮರಳಿನ ಸೂಕ್ಷ್ಮ ಕಣಗಳಿರುತ್ತವೆ. ಕೊಳವೆಯ ಜೋಡಣೆಯಲ್ಲಿ ಕೂದಲೆಳೆಯ ಸಂದು ಉಳಿದರೂ ಸಾಕು, ಅವು ಸಿಲಿಂಡರಿನ ಗೋಡೆಯನ್ನು ಉಜ್ಜುಕಾಗದದಂತೆ ಸವೆಸುತ್ತವೆ. ಇದು ಒಂದು ದಿನದಲ್ಲಿ ತಿಳಿಯುವುದಲ್ಲ. ಕೆಲವು ವರ್ಷಗಳ ನಂತರ ಕಾರು ಆಯಿಲ್ ಕುಡಿಯತೊಡಗಿದಾಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಟರ್ಬೊ ಇರುವ ಎಂಜಿನ್ನುಗಳಲ್ಲಂತೂ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುವ ಪುಟ್ಟ ಚಕ್ರಕ್ಕೆ ಧೂಳಿನ ಕಣವೂ ಕಲ್ಲೇಟಿಗೆ ಸಮ. ಕೆಲವು ಕಾರುಗಳಲ್ಲಿ ಒಳಬರುವ ಗಾಳಿಯನ್ನು ಬಿಸಿ ತಂತಿಯೊಂದರಿಂದ ಅಳೆಯುವ ಸೆನ್ಸರ್ ಇರುತ್ತದೆ. ಎಣ್ಣೆ ಸವರಿದ ಹತ್ತಿಯ ಫಿಲ್ಟರಿಗೆ ಅತ್ಯುತ್ಸಾಹದಿಂದ ಹೆಚ್ಚು ಎಣ್ಣೆ ಹಚ್ಚಿದರೆ ಅದು ಆ ತಂತಿಗೆ ಅಂಟುತ್ತದೆ. ಕೊಳವೆಯ ವ್ಯಾಸ ಬದಲಾದರೂ ಅದರ ಅಳತೆ ತಪ್ಪುತ್ತದೆ. ಅಳತೆ ತಪ್ಪಿದಲ್ಲಿ ಗಾಳಿ-ಪೆಟ್ರೋಲಿನ ಹದ ತಪ್ಪುತ್ತದೆ. ಆ ಹದದ ಆಸುಪಾಸಿನಲ್ಲಿ ಮಾತ್ರ ಕೆಲಸ ಮಾಡಬಲ್ಲ ಹೊಗೆಶೋಧಕ, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಮಂಕಾಗುತ್ತದೆ. ಇಲ್ಲಿಗೆ ಇದು ಕಾರಿನ ಮಾಲೀಕನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ, ಪಕ್ಕದಲ್ಲಿ ನಡೆದುಹೋಗುವವನ ಪುಪ್ಪುಸದ ಪ್ರಶ್ನೆಯಾಗುತ್ತದೆ.

ಮತ್ತೊಂದು ಅಪಾಯವನ್ನು ಬೆಂಗಳೂರಿಗರಿಗೆ ವಿವರಿಸಬೇಕಾಗಿಲ್ಲ. ತಂಪು ಗಾಳಿ ಬೇಕೆಂದು ಕೆಲವರು ಕೊಳವೆಯನ್ನು ಬಂಪರಿನ ಹಿಂದೆ, ಚಕ್ರದ ಪಕ್ಕಕ್ಕೆ, ನೆಲಕ್ಕೆ ಸಮೀಪವಾಗಿ ಇಳಿಸುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರಿನ ಆಸುಪಾಸು ಕೆರೆಗಳಾದ ದಿನಗಳನ್ನು ನೆನೆಯಿರಿ. ಮೂಲ ಕೊಳವೆಯ ಬಾಯಿ ಸಾಮಾನ್ಯವಾಗಿ ಬಾನೆಟ್ಟಿನ ಅಂಚಿನ ಎತ್ತರದಲ್ಲಿರುತ್ತದೆ. ಅದನ್ನು ಕೆಳಗಿಳಿಸಿದವನಿಗೆ ಮೊಣಕಾಲುದ್ದದ ನೀರೇ ಸಾಕು. ಗಾಳಿಯನ್ನು ಹಿಸುಕಬಹುದು, ನೀರನ್ನು ಹಿಸುಕಲಾಗದು. ಮೇಲೇರುವ ಪಿಸ್ಟನ್ ನೀರಿಗೆ ಬಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಂಥ ಎಂಜಿನ್ನಿನ ದುರಸ್ತಿಯನ್ನು ಸಾಮಾನ್ಯ ವಿಮೆ ಭರಿಸುವುದಿಲ್ಲ. ಅದಕ್ಕೆಂದೇ ಪ್ರತ್ಯೇಕ ಹಣ ಕಟ್ಟಿ ಎಂಜಿನ್ ರಕ್ಷಣೆ ಪಡೆದಿರಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ನಾನು ಈ ಹುಡುಗರನ್ನು ಕಟಕಟೆಗೆ ಏರಿಸುವವರ ಪಕ್ಷ ವಹಿಸುವೆನೆಂದು ಓದುಗರು ನಿರೀಕ್ಷಿಸಬಹುದು. ಹಾಗಿಲ್ಲ. ನಮ್ಮ ಕಟ್ಟಡದಲ್ಲಿಯೇ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ತಂದೆಯ ಹಳೆಯ ಕಾರಿಗೆ ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪನ್ನು ಜೋಡಿಸುತ್ತಿದ್ದ. ತಂದೆ ನನ್ನ ಬಳಿ ಬಂದು, ‘ಸಾರ್, ನೀವಾದರೂ ಸ್ವಲ್ಪ ಬುದ್ಧಿ ಹೇಳಿ’ ಎಂದರು. ನಾನು ಬುದ್ಧಿ ಹೇಳಲಿಲ್ಲ. ಕಾರಿನ ಕಂಪ್ಯೂಟರಿನೊಡನೆ ಮಾತಾಡುವ ಸಣ್ಣ ಸಾಧನವೊಂದು ಅಗ್ಗಕ್ಕೆ ಸಿಗುತ್ತದೆ; ಡ್ಯಾಶ್‌ಬೋರ್ಡಿನ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಒಳಬರುವ ಗಾಳಿಯ ಉಷ್ಣತೆಯನ್ನು ಮೊಬೈಲಿನಲ್ಲಿ ತೋರಿಸುತ್ತದೆ. ಮೊದಲು ಹಳೆಯ ಡಬ್ಬಿಯಲ್ಲಿ, ಆಮೇಲೆ ಹೊಸ ಕೊಳವೆಯಲ್ಲಿ, ಒಂದೇ ದಾರಿಯಲ್ಲಿ ಒಂದೇ ಹೊತ್ತಿಗೆ ಓಡಿಸಿ ಬರೆದುಕೋ ಎಂದೆ. ವಾರದ ಬಳಿಕ ಅವನೇ ಕಾಗದ ತಂದು ತೋರಿಸಿದ. ‘ಅಂಕಲ್, ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ನಂದೇ ಬಿಸಿ’ ಎಂದ. ಡಬ್ಬಿಯನ್ನು ಅವನೇ ಮರಳಿ ಕೂರಿಸಿದ. ಮೂರು ವರ್ಷ ತರಗತಿಯಲ್ಲಿ ಕೂತು ಕಲಿಯದ ಉಷ್ಣಗತಿ ವಿಜ್ಞಾನವನ್ನು ಆ ಒಂದು ವಾರದಲ್ಲಿ ಅವನು ಕಲಿತಿದ್ದ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಪ್ರಯೋಗ ಮುಗಿಯುವ ಮೊದಲೇ ರಸ್ತೆಯಲ್ಲಿ ಅಧಿಕಾರಿಯೊಬ್ಬರು ಬಾನೆಟ್ ತೆರೆಸಿ ನೋಡಿದ್ದರೆ ಕಲಿಕೆಯ ಶುಲ್ಕ 5,000 ರೂಪಾಯಿ ಆಗಬಹುದಿತ್ತು.

‘ಆಗಬಹುದಿತ್ತು’ ಎಂದೆ; ತೊಂದರೆಯಿರುವುದು ಈ ‘ಬಹುದು’ವಿನಲ್ಲಿಯೇ. ಕಾಯ್ದೆಯ 52ನೆಯ ಕಲಮು ನಿಷೇಧಿಸುವುದು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತಹ ಬದಲಾವಣೆಯನ್ನು. ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ರಚನಾ ವ್ಯತ್ಯಾಸ ಎಂದು ಅದರ ವಿವರಣೆ ಹೇಳುತ್ತದೆ. ನೋಂದಣಿ ಪತ್ರವನ್ನು ತೆಗೆದು ನೋಡಿ: ಎಂಜಿನ್ ಸಂಖ್ಯೆ, ಷಾಸಿ ಸಂಖ್ಯೆ, ಬಣ್ಣ, ಇಂಧನ, ಆಸನಗಳು. ಏರ್ ಫಿಲ್ಟರಿನ ಸುದ್ದಿಯೇ ಇಲ್ಲ. ಹಾಗಾದರೆ ಒಂದು ಫಿಲ್ಟರ್ ಬದಲಿಸುವುದು ಮೂಲ ಲಕ್ಷಣದ ಬದಲಾವಣೆಯೇ? ಕಾಗದದ ಬದಲು ಹತ್ತಿ ಹಾಕಿದರೆ? ಡಬ್ಬಿಯನ್ನು ಉಳಿಸಿ ಕೊಳವೆ ಬದಲಿಸಿದರೆ? ಉತ್ತರವನ್ನು ರಸ್ತೆಬದಿಯಲ್ಲಿ ನಿಂತ ಅಧಿಕಾರಿಯ ಮನೋಧರ್ಮಕ್ಕೆ ಬಿಡಲಾಗಿದೆ. ಮನೋಧರ್ಮಕ್ಕೆ ಬಿಟ್ಟ ಕಾನೂನಿನಿಂದ ಏನೇನು ಹುಟ್ಟುತ್ತದೆಂದು ನಮ್ಮ ಮಧ್ಯಮವರ್ಗಕ್ಕೆ ಹೇಳಿಕೊಡಬೇಕಿಲ್ಲ. ಇನ್ನೊಂದೆಡೆ, ಹೊಗೆ ತಪಾಸಣೆಯ ಕೇಂದ್ರದಲ್ಲಿ ಬಾನೆಟ್ ತೆರೆಯುವವರೇ ಇಲ್ಲ. ಹಿಂದಿನ ಕೊಳವೆಗೆ ನಳಿಕೆ ತೂರಿಸಿ ಚೀಟಿ ಹರಿದುಕೊಟ್ಟರೆ ಕೆಲಸ ಮುಗಿಯಿತು.

ಮಾಲಿನ್ಯದ ವಿಷಯದಲ್ಲಿ ಕಟ್ಟುನಿಟ್ಟಿಗೆ ಹೆಸರಾದ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ. ಅಲ್ಲಿಯೂ ಹೊಗೆಯ ಮೇಲೆ ಪರಿಣಾಮ ಬೀರುವ ಬಿಡಿಭಾಗ ಜೋಡಿಸುವುದು ಕಾನೂನುಬಾಹಿರವೇ. ಆದರೆ ತಯಾರಕ ತನ್ನ ಭಾಗವನ್ನು ಪರೀಕ್ಷೆಗೆ ಒಪ್ಪಿಸಿ, ಅದರಿಂದ ಮಾಲಿನ್ಯ ಹೆಚ್ಚದೆಂದು ಸಿದ್ಧಪಡಿಸಿದರೆ ರಾಜ್ಯದ ವಾಯು ಸಂಪನ್ಮೂಲ ಮಂಡಳಿ ಅದಕ್ಕೊಂದು ಆದೇಶ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಯ ಚೀಟಿ ಬಾನೆಟ್ಟಿನೊಳಗೆ ಕಾಣುವಂತಿದ್ದರೆ ಹೊಗೆ ತಪಾಸಣೆಯಲ್ಲಿ ತಕರಾರಿಲ್ಲ. ಅಮೆರಿಕದಲ್ಲಿ 1975ರಿಂದ ಜಾರಿಯಲ್ಲಿರುವ ವಾರಂಟಿ ಕಾನೂನೂ ಇಲ್ಲಿ ಸ್ಮರಣಾರ್ಹ: ಹೊರಗಿನ ಭಾಗ ಹಾಕಿದ ಮಾತ್ರಕ್ಕೆ ಕಂಪೆನಿ ವಾರಂಟಿ ನಿರಾಕರಿಸುವಂತಿಲ್ಲ, ಆ ಭಾಗದಿಂದಲೇ ಕೆಟ್ಟಿತೆಂದು ತೋರಿಸಬೇಕು. ನಮ್ಮಲ್ಲಾದರೋ ವಾರಂಟಿ ಪುಸ್ತಕದ ಸಣ್ಣ ಅಕ್ಷರಗಳೇ ತೀರ್ಪು. ಫಿಲ್ಟರ್ ಬದಲಿಸಿದ್ದಕ್ಕೆ ಪವರ್ ವಿಂಡೋ ರಿಪೇರಿಯನ್ನೂ ಅಲ್ಲಗಳೆದ ಸರ್ವೀಸ್ ಕೇಂದ್ರವೊಂದನ್ನು ನಾನೇ ಕಂಡಿದ್ದೇನೆ.

ಇದು ನಮ್ಮ ದೇಶಕ್ಕೆ ಒಗ್ಗದ ಪದ್ಧತಿ ಎನ್ನುವಂತಿಲ್ಲ. ಅದೇ 52ನೆಯ ಕಲಮು ಸಿಎನ್‌ಜಿ, ಎಲ್‌ಪಿಜಿ ಕಿಟ್‌ಗಳ ಜೋಡಣೆಗೆ ಷರತ್ತುಬದ್ಧ ಅವಕಾಶ ಕೊಟ್ಟಿದೆ. ಮಾನ್ಯತೆ ಪಡೆದ ಕಿಟ್, ಅಧಿಕೃತ ಕೇಂದ್ರ, ನೋಂದಣಿ ಪತ್ರದಲ್ಲಿ ನಮೂದು ಇಷ್ಟಿದ್ದರೆ ಸಾಕು. ಬೆಂಕಿಯೊಡನೆ ಸರಸವಾಡುವ ಅನಿಲದ ಸಿಲಿಂಡರನ್ನು ಡಿಕ್ಕಿಯಲ್ಲಿಡಲು ವ್ಯವಸ್ಥೆ ಮಾಡಿಕೊಟ್ಟ ಕಾನೂನಿಗೆ ಒಂದು ಗಾಳಿಯ ಕೊಳವೆಗೆ ವ್ಯವಸ್ಥೆ ಮಾಡುವುದು ಅಸಾಧ್ಯವೇ? ಪುಣೆಯಲ್ಲಿ 1966ರಿಂದ ಆಟೊಮೋಟಿವ್ ಸಂಶೋಧನಾ ಸಂಸ್ಥೆ ಇದೆ, ಅಲ್ಲಿ ಹೊಗೆ ಅಳೆಯುವ ಸೌಕರ್ಯವೂ ಇದೆ. ಮಾರಾಟವಾಗುವ ಫಿಲ್ಟರು, ಕೊಳವೆಗಳನ್ನು ತಯಾರಕರ ಖರ್ಚಿನಲ್ಲೇ ಪರೀಕ್ಷಿಸಿ, ಒಪ್ಪಿತವಾದವುಗಳ ಪಟ್ಟಿಯನ್ನು ಸಾರಿಗೆ ಇಲಾಖೆ ಪ್ರಕಟಿಸಲಿ. ಪರೀಕ್ಷೆಯಾಗದ ಮಾಲನ್ನು ಮಾರುವವನಿಗೆ ಮೊದಲು ದಂಡ ಬೀಳಲಿ. ಅದೇ 182ಎ ಕಲಮು ನಿಯಮ ಮೀರಿದ ವಾಹನ, ಬಿಡಿಭಾಗಗಳ ತಯಾರಕರನ್ನೂ ಮಾರಾಟಗಾರರನ್ನೂ ಒಳಗೊಂಡಿದೆ ಎಂಬುದನ್ನು ಜಾರಿ ಮಾಡುವವರು ಮರೆತಂತಿದೆ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹಾಡುಹಗಲೇ ನೇತುಹಾಕಿ ಮಾರುವ ವಸ್ತುವನ್ನು ಕೊಂಡ ವಿದ್ಯಾರ್ಥಿಯನ್ನು ಹಿಡಿಯುವುದು ಸುಲಭ, ಅಂಗಡಿಗೆ ಹೋಗುವುದು ಕಷ್ಟ ಎಂದಾದರೆ ಕಾನೂನಿನ ಉದ್ದೇಶವೇ ಪ್ರಶ್ನಾರ್ಹವಾಗುತ್ತದೆ.

ಮನೆಯಲ್ಲೇ ಕೊಳವೆ ಕತ್ತರಿಸುವವನಿಗೆ ಈ ಪಟ್ಟಿಯಿಂದ ನೇರ ಪ್ರಯೋಜನವಿಲ್ಲ, ಒಪ್ಪುತ್ತೇನೆ. ಅವನಿಗೆ ಬೇಕಾದುದು ಅಳತೆ ಮಾಡಲು ಒಂದು ಜಾಗ. ಎಂಜಿನ್ನಿನ ಶಕ್ತಿ ಅಳೆಯುವ ಡೈನಮೊಮೀಟರ್ ನಮ್ಮ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್‌ಗಳ ಪ್ರಯೋಗಾಲಯಗಳಲ್ಲಿ ಇದ್ದೇ ಇದೆ. ಬಹುಪಾಲು ಕಡೆ ಅದಕ್ಕೆ ಬಟ್ಟೆ ಹೊದಿಸಿ, ವಾರ್ಷಿಕ ತಪಾಸಣೆಯ ದಿನ ಮಾತ್ರ ಧೂಳು ಒರೆಸುತ್ತಾರೆ. ತಿಂಗಳಿಗೊಂದು ಶನಿವಾರ ಆ ಬಾಗಿಲು ತೆರೆದು, ಒಂದೇ ಎಂಜಿನ್ನಿಗೆ ಮೂಲ ಡಬ್ಬಿಯನ್ನೂ ಹುಡುಗರು ಮಾಡಿ ತಂದ ಕೊಳವೆಯನ್ನೂ ಸರದಿಯಂತೆ ಜೋಡಿಸಿ ಎರಡರ ಅಂಕಿಗಳನ್ನು ಗೋಡೆಯ ಮೇಲೆ ಬರೆಯುವುದಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ. ಪ್ರಾಂಶುಪಾಲರ ಒಂದು ಸಹಿ ಸಾಕು.