ದುಃಖದ ಹೊಳೆ, ಸಂತೋಷದ ಹೊಳೆ



ಪ್ರವಾಸ ಹೋಗಿ ಬಂದವರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಏನೇನು ನೋಡಿದಿರಿ?" ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಎರಡು ವಾರ ಸುತ್ತಾಡಿ ಬಂದ ನಮ್ಮಿಬ್ಬರನ್ನೂ ಭಾನುವಾರದ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಹಲವರು ಹೀಗೆಯೇ ಕೇಳಿದರು. ಜಲಪಾತ, ಕಣಿವೆ, ಬೆಟ್ಟ, ಕಡಲು ಎಂದು ಪಟ್ಟಿ ಒಪ್ಪಿಸಿದೆವು. ಫೋಟೋಗಳನ್ನೂ ತೋರಿಸಿದೆವು. ಆದರೆ ಫೋಟೋದಲ್ಲಿ ಸೆರೆಯಾಗದ ಒಂದು ಸಂಗತಿ ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಈ ತಿಂಗಳು ಅದನ್ನೇ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಗುಡುಗುವ ಹೊಗೆ

ನಮ್ಮ ಪಯಣ ಆರಂಭವಾದದ್ದು ವಿಕ್ಟೋರಿಯಾ ಜಲಪಾತದಿಂದ. ಜಾಂಬಿಯಾ ಮತ್ತು ಜಿಂಬಾಬ್ವೆ ದೇಶಗಳ ಗಡಿಯಲ್ಲಿ ಜಾಂಬೆಜಿ ನದಿಯು ಸುಮಾರು 1,700 ಮೀಟರ್ ಅಗಲಕ್ಕೆ ಹರಡಿಕೊಂಡು, 108 ಮೀಟರ್‌ನಷ್ಟು ಆಳದ ಕಂದರಕ್ಕೆ ಧುಮುಕುತ್ತದೆ. ನೀರು ಕಾಣುವ ಮೊದಲೇ ಅದರ ಸದ್ದು ಕೇಳಿಸುತ್ತದೆ. ದೂರದಿಂದ ನೋಡಿದರೆ ಕಾಡಿಗೆ ಬೆಂಕಿ ಬಿದ್ದು ಹೊಗೆ ಏಳುತ್ತಿದೆಯೋ ಎನ್ನುವಂತೆ ನೀರಿನ ಹನಿಗಳು ಮೇಲೇರುತ್ತವೆ. ಅದಕ್ಕೇ ಅಲ್ಲಿಯ ಜನ ಇದನ್ನು 'ಮೋಸಿ-ಓವಾ-ತುನ್ಯಾ', ಅಂದರೆ 'ಗುಡುಗುವ ಹೊಗೆ' ಎಂದು ಕರೆಯುತ್ತಿದ್ದರು. 1855ರಲ್ಲಿ ಇಲ್ಲಿಗೆ ಬಂದ ಡೇವಿಡ್ ಲಿವಿಂಗ್‌ಸ್ಟನ್ ತಮ್ಮ ರಾಣಿಯ ಹೆಸರನ್ನಿಟ್ಟರು. ಇಂದು ಎರಡೂ ಹೆಸರುಗಳು ಬಳಕೆಯಲ್ಲಿವೆ. 1989ರಲ್ಲಿ ಯುನೆಸ್ಕೊ ತನ್ನ ವಿಶ್ವಪರಂಪರೆಯ ಪಟ್ಟಿಗೆ ಇದನ್ನು ಸೇರಿಸಿಕೊಂಡಾಗ ಎರಡು ಹೆಸರುಗಳನ್ನೂ ಬರೆದುಕೊಂಡಿತು.

ರೈನ್‌ಕೋಟ್ ಹಾಕಿಕೊಂಡಿದ್ದರೂ ನಾವು ಪೂರ್ತಿ ತೊಯ್ದುಹೋದೆವು. ಬಿಸಿಲು ಬಿದ್ದೊಡನೆ ಕಾಲ ಬುಡದಲ್ಲೇ ಕಾಮನಬಿಲ್ಲು! ಹುಣ್ಣಿಮೆಯ ರಾತ್ರಿ ಬೆಳದಿಂಗಳಿನಲ್ಲೂ ಇಲ್ಲಿ ಕಾಮನಬಿಲ್ಲು ಮೂಡುವುದುಂಟು. ಗಡಿನಾಡಿನವರಾದ ನಮಗೆ ಇನ್ನೊಂದು ವಿಷಯವೂ ಹಿಡಿಸಿತು. ಕಂದರದ ಮೇಲೆ 1905ರಲ್ಲಿ ಕಟ್ಟಿದ ಸೇತುವೆಯ ಒಂದು ತುದಿ ಒಂದು ದೇಶ, ಇನ್ನೊಂದು ತುದಿ ಇನ್ನೊಂದು ದೇಶ. ಪಾಸ್‌ಪೋರ್ಟ್ ಕೇಳುವವರು ಎರಡೂ ಕಡೆ ಇದ್ದಾರೆ. ನೀರಿನ ಹನಿ ಮಾತ್ರ ಯಾರನ್ನೂ ಕೇಳದೆ ಎರಡೂ ದಡಗಳ ಕಾಡನ್ನು ವರ್ಷವಿಡೀ ಹಸಿರಾಗಿ ಇಡುತ್ತದೆ.

ಎರಡು ಹೊಳೆಗಳು ಸೇರುವಲ್ಲಿ

ಅಲ್ಲಿಂದ ವಿಮಾನದಲ್ಲಿ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ಗೆ ಬಂದು, ಕಾರಿನಲ್ಲಿ ಪೂರ್ವಕ್ಕೆ ಮ್ಪುಮಲಾಂಗಾ ಪ್ರಾಂತ್ಯದ ಬೆಟ್ಟಗಳ ಕಡೆ ಹೊರಟೆವು. 'ದೇವರ ಕಿಟಕಿ' ಎಂದು ಹೆಸರಾದ ಸ್ಥಳ ಅಲ್ಲಿದೆ. ಬೆಟ್ಟದ ಅಂಚಿನಲ್ಲಿ ನಿಂತರೆ ನೂರಾರು ಮೀಟರ್ ಕೆಳಗೆ ಬಯಲು ಸೀಮೆ ಹಾಸಿಕೊಂಡಿದ್ದು, ಆಕಾಶ ತಿಳಿಯಾಗಿದ್ದರೆ ಕ್ರೂಗರ್ ಅಭಯಾರಣ್ಯದವರೆಗೂ ಕಣ್ಣು ಹಾಯುತ್ತದಂತೆ. ನಾವು ಹೋದ ದಿನ ದೇವರು ಕಿಟಕಿಗೆ ಪರದೆ ಎಳೆದಿದ್ದರು! ಬಿಳಿ ಮಂಜಲ್ಲದೆ ಬೇರೇನೂ ಕಾಣಲಿಲ್ಲ. ಮರುದಿನ ಬೆಳಗ್ಗೆ ಮತ್ತೆ ಹೋದಾಗ ಮಂಜು ಸರಿದು, ಕೆಳಗಿನ ಕಾಡು ಕಣ್ಣ ತುಂಬ ಕಂಡಿತು. ಅಲ್ಲಿಗೆ ಹೋಗುವವರು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಅಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಬ್ಲೈಡ್ ನದಿಯ ಕಣಿವೆ. ಸುಮಾರು 26 ಕಿಲೋಮೀಟರ್ ಉದ್ದದ ಈ ಹಸಿರು ಕಣಿವೆ ಆರಂಭವಾಗುವ ಕಡೆ ಎರಡು ಹೊಳೆಗಳು ಸೇರುತ್ತವೆ. ನೀರು ಮರಳು ಕಲ್ಲುಗಳನ್ನು ಹೊತ್ತು ಸಾವಿರಾರು ವರ್ಷ ಸುತ್ತಿ ಸುತ್ತಿ, ಬಂಡೆಯಲ್ಲಿ ಒರಳಿನಂಥ ದೊಡ್ಡ ದೊಡ್ಡ ಗುಂಡಿಗಳನ್ನು ಕೊರೆದಿದೆ. ಹತ್ತಿರದಲ್ಲಿ ಚಿನ್ನ ಹುಡುಕುತ್ತಿದ್ದ ಬರ್ಕ್ ಎಂಬಾತನ ಹೆಸರಿನಿಂದ ಇವನ್ನು 'ಬರ್ಕ್ಸ್ ಲಕ್' ಗುಂಡಿಗಳೆಂದು ಕರೆಯುತ್ತಾರೆ.

ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಆ ಎರಡು ಹೊಳೆಗಳ ಹೆಸರು. ಒಂದರ ಹೆಸರು ಟ್ರೂರ್, ಅಂದರೆ ದುಃಖ. ಇನ್ನೊಂದು ಬ್ಲೈಡ್, ಅಂದರೆ ಸಂತೋಷ. 1840ರ ದಶಕದಲ್ಲಿ ಡಚ್ ಮೂಲದ ವಲಸೆಗಾರರ ಗುಂಪೊಂದು ಇಲ್ಲಿ ಬಿಡಾರ ಹೂಡಿತ್ತು. ಗಂಡಸರು ಕಡಲ ಕಡೆಗೆ ದಾರಿ ಹುಡುಕಲು ಹೋದರು. ಹೇಳಿದ ದಿನ ಕಳೆದರೂ ಹಿಂತಿರುಗಲಿಲ್ಲ. ಸತ್ತೇಹೋದರೆಂದು ತಿಳಿದ ಹೆಂಗಸರು ಮಕ್ಕಳು ಅತ್ತು, ತಾವಿದ್ದ ಹೊಳೆಗೆ 'ದುಃಖ' ಎಂದು ಹೆಸರಿಟ್ಟು ಬಿಡಾರ ಕಿತ್ತರು. ಮುಂದಿನ ಹೊಳೆಯ ಬಳಿ ಗಂಡಸರು ಜೀವಂತವಾಗಿ ಬಂದು ಸೇರಿಕೊಂಡರು! ಆ ಹೊಳೆಗೆ 'ಸಂತೋಷ' ಎಂದು ಹೆಸರಾಯಿತು ಎನ್ನುತ್ತಾರೆ.

ಅಂದು ಮಂಗಳವಾರ. ಸಂಜೆ ಕಾರಿನಲ್ಲೇ ಜಪಸರ ಹೇಳುವಾಗ ದುಃಖದ ರಹಸ್ಯಗಳನ್ನು ಧ್ಯಾನಿಸುತ್ತಾ ಆ ಎರಡು ಹೊಳೆಗಳು ನೆನಪಾದವು. ಜೊತೆಗೆ ಇನ್ನೊಂದು ಯೋಚನೆಯೂ ಬಂತು. ಆ ವಲಸೆಗಾರರಿಗೆ ಹೊಸ ನಾಡು ಸಿಕ್ಕಿದ ಸಂತೋಷವೇ, ತಲೆಮಾರುಗಳಿಂದ ಆ ನೆಲದಲ್ಲಿದ್ದ ಆಫ್ರಿಕನ್ ಜನರ ಪಾಲಿಗೆ ಭೂಮಿ ಕಳೆದುಕೊಂಡ ದುಃಖವಾಯಿತಲ್ಲವೇ? ಒಬ್ಬರ ಬ್ಲೈಡ್ ಇನ್ನೊಬ್ಬರ ಟ್ರೂರ್ ಆಗುವುದು ಎಷ್ಟು ಸುಲಭ! ಅಲ್ಲಿಂದ ಮುಂದೆ ಎಲ್ಲಿ ಹೋದರೂ ಈ ಎರಡು ಹೊಳೆಗಳು ನಮ್ಮ ಜೊತೆಗೇ ಹರಿದು ಬಂದವು.

ಬೆಟ್ಟದಿಂದ ಕಾಣುವ ದ್ವೀಪ

ಕೇಪ್‌ಟೌನ್ ನಗರದ ಬೆನ್ನಿಗೆ ನಿಂತಿರುವ ಟೇಬಲ್ ಮೌಂಟನ್ ನಿಜಕ್ಕೂ ಮೇಜಿನಂತೆಯೇ ಇದೆ. ಎತ್ತರ 1,086 ಮೀಟರ್. 1929ರಿಂದ ಕೇಬಲ್ ಕಾರ್ ಓಡುತ್ತಿದೆ. ಈಗಿನ ಕಾರಿನ ನೆಲ ಮೇಲೇರುವಾಗ ನಿಧಾನವಾಗಿ ಸುತ್ತುವುದರಿಂದ ಎಲ್ಲರಿಗೂ ಎಲ್ಲ ದಿಕ್ಕೂ ಕಾಣುತ್ತದೆ. ಗಾಳಿ ಬೀಸಿದಾಗ ಬಿಳಿ ಮೋಡ ಬೆಟ್ಟದ ಅಂಚಿನಿಂದ ಇಳಿಬೀಳುವುದನ್ನು ಅಲ್ಲಿಯವರು 'ಮೇಜಿನ ಬಟ್ಟೆ' ಎನ್ನುತ್ತಾರೆ. ಹಬ್ಬದ ದಿನ ಬಲಿಪೀಠಕ್ಕೆ ಹೊದಿಸುವ ಬಿಳಿ ವಸ್ತ್ರದಂತೆ ಅದು ನಮಗೆ ಕಂಡಿತು.

ಬೆಟ್ಟದ ಮೇಲಿಂದ ನೋಡಿದರೆ ಕಡಲಿನಲ್ಲಿ ಒಂದು ಚಪ್ಪಟೆ ದ್ವೀಪ ಕಾಣುತ್ತದೆ. ಅದೇ ರಾಬೆನ್ ದ್ವೀಪ. ಹಿಂದೆ ಕುಷ್ಠರೋಗಿಗಳನ್ನು, ಆಮೇಲೆ ವರ್ಣಭೇದ ನೀತಿಯನ್ನು ವಿರೋಧಿಸಿದವರನ್ನು ಅಲ್ಲಿ ಇಟ್ಟಿದ್ದರು. ನೆಲ್ಸನ್ ಮಂಡೇಲಾ ತಮ್ಮ 27 ವರ್ಷಗಳ ಸೆರೆವಾಸದಲ್ಲಿ 18 ವರ್ಷಗಳನ್ನು, 1964ರಿಂದ 1982ರವರೆಗೆ, ಇಲ್ಲಿಯೇ ಕಳೆದರು. ಮರುದಿನ ದೋಣಿಯಲ್ಲಿ ಅಲ್ಲಿಗೆ ಹೋದೆವು. ಅವರಿದ್ದ ಕೋಣೆಯಲ್ಲಿ ಇಬ್ಬರು ಮಲಗಿದರೆ ಕಾಲಿಡಲು ಜಾಗವಿಲ್ಲ. ದ್ವೀಪದ ತೀರದಲ್ಲಿ ನಿಂತು ಹಿಂತಿರುಗಿ ನೋಡಿದರೆ, ನಿನ್ನೆ ನಾವು ಐಸ್‌ಕ್ರೀಂ ತಿನ್ನುತ್ತಾ ನಿಂತಿದ್ದ ಅದೇ ಬೆಟ್ಟ ಎದುರಿಗಿತ್ತು. ನಾವು ಬೆಟ್ಟದಿಂದ ದ್ವೀಪವನ್ನು ನೋಡಿದ್ದೆವು. ಕೈದಿಗಳು ವರ್ಷಗಟ್ಟಲೆ ದ್ವೀಪದಿಂದ ಬೆಟ್ಟವನ್ನು ನೋಡಿದ್ದರು.

ಕೈದಿಗಳು ಸುಣ್ಣದ ಕಲ್ಲು ಒಡೆಯುತ್ತಿದ್ದ ಗಣಿಯ ಬಾಯಲ್ಲಿ ಕಲ್ಲುಗಳ ಒಂದು ಸಣ್ಣ ಗುಡ್ಡೆಯಿದೆ. 1995ರಲ್ಲಿ ಹಳೆಯ ಕೈದಿಗಳೆಲ್ಲ ಅಲ್ಲಿ ಮತ್ತೆ ಸೇರಿದಾಗ ಮಂಡೇಲಾ ಒಂದು ಕಲ್ಲನ್ನು ಎತ್ತಿಟ್ಟರು. ಉಳಿದವರೂ ಒಂದೊಂದು ಕಲ್ಲನ್ನು ಇಟ್ಟರು. ಆ ಕಲ್ಲುಗಳನ್ನು ಅವರು ಯಾರ ಮೇಲೂ ಎಸೆಯಲಿಲ್ಲ!

ನಗರದ ದಕ್ಷಿಣಕ್ಕೆ ಭೂಶಿರದ ತುದಿಯಲ್ಲಿ ಗುಡ್ ಹೋಪ್ ಭೂಶಿರವಿದೆ. 1488ರಲ್ಲಿ ಬಾರ್ಟೊಲೊಮಿಯು ಡಯಾಸ್ ಇದನ್ನು ಸುತ್ತಿ ಬಂದ. 1497ರಲ್ಲಿ ವಾಸ್ಕೊ ಡ ಗಾಮ ಇದೇ ದಾರಿಯಲ್ಲಿ ಸಾಗಿ ಮರುವರ್ಷ ಕಲ್ಲಿಕೋಟೆಯನ್ನು ತಲುಪಿದ. ಇಬ್ಬರ ನೆನಪಿಗೂ ಅಲ್ಲಿ ಶಿಲುಬೆಗಳಿವೆ. 1541ರಲ್ಲಿ ಲಿಸ್ಬನ್ ಬಿಟ್ಟ ಸಂತ ಫ್ರಾನ್ಸಿಸ್ ಕ್ಸೇವಿಯರ್ ಕೂಡ ಈ ಭೂಶಿರವನ್ನು ದಾಟಿಯೇ 1542ರ ಮೇ ತಿಂಗಳಲ್ಲಿ ಗೋವಾ ಸೇರಿದರು. ಒಂದೇ ಕಡಲ ದಾರಿ ಶುಭಸಂದೇಶವನ್ನೂ ತಂದಿತು, ಫಿರಂಗಿಯನ್ನೂ ತಂದಿತು. ಇಲ್ಲೂ ಅದೇ ಎರಡು ಹೊಳೆ!

ಛಾವಣಿಯ ತೂತುಗಳು

ಊರಿಗೆ ಮರಳುವ ವಿಮಾನ ಜೊಹಾನ್ಸ್‌ಬರ್ಗ್‌ನಿಂದ. ಅಂದು ಭಾನುವಾರವಾದ್ದರಿಂದ ಬೆಳಗಿನ ಪೂಜೆಗೆ ಸೊವೆಟೊದ ರೆಜೀನಾ ಮುಂಡಿ ದೇವಾಲಯಕ್ಕೆ ಹೋದೆವು. ಈ ಲತೀನ್ ಹೆಸರಿನ ಅರ್ಥ 'ಜಗದ ರಾಣಿ'. 1960ರ ದಶಕದಲ್ಲಿ ಕಟ್ಟಿದ ಇದು ಆ ದೇಶದ ಅತಿ ದೊಡ್ಡ ಕಥೋಲಿಕ ದೇವಾಲಯ. ಹೊರಗಿನಿಂದ ನೋಡಲು ಬಹಳ ಸಾಮಾನ್ಯ ಕಟ್ಟಡ. ಒಳಗೆ ಹಾಡು ಶುರುವಾದಾಗ ಮಾತ್ರ ಮೈ ಜುಮ್ಮೆಂದಿತು. ಗೋಡೆಯ ಮೇಲೆ ಕಪ್ಪು ವರ್ಣದ ಮರಿಯಮ್ಮನವರು ಕಪ್ಪು ಬಾಲಯೇಸುವನ್ನು ಎತ್ತಿಕೊಂಡಿರುವ ಚಿತ್ರವಿದೆ. ಅದು 1973ರಲ್ಲಿ ಲ್ಯಾರಿ ಸ್ಕಲ್ಲಿ ಎಂಬ ಕಲಾವಿದರು ಬರೆದದ್ದು.

1976ರ ಜೂನ್ 16ರಂದು, ಶಾಲೆಗಳಲ್ಲಿ ಆಫ್ರಿಕಾನ್ಸ್ ಭಾಷೆಯನ್ನು ಹೇರಿದ್ದನ್ನು ವಿರೋಧಿಸಿ ಸೊವೆಟೊದ ಮಕ್ಕಳು ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದಾಗ ಅನೇಕರು ಓಡಿಬಂದು ಈ ದೇವಾಲಯದಲ್ಲಿ ಅಡಗಿದರು. ಪೊಲೀಸರು ಒಳಗೂ ನುಗ್ಗಿ ಗುಂಡು ಹಾರಿಸಿದರು. ಛಾವಣಿಯಲ್ಲಿ ಆ ಗುಂಡಿನ ತೂತುಗಳು ಇಂದಿಗೂ ಇವೆ. ಅಮೃತಶಿಲೆಯ ಬಲಿಪೀಠದ ಒಡೆದ ಮೂಲೆಯೂ ಹಾಗೆಯೇ ಇದೆ.

ಇದೇ ದೇವಾಲಯದಲ್ಲಿ, ವರ್ಣಭೇದ ನೀತಿ ಕೊನೆಗೊಂಡ ಮೇಲೆ, ಸತ್ಯ ಮತ್ತು ಸಂಧಾನ ಆಯೋಗದ ವಿಚಾರಣೆಗಳು ನಡೆದವು. ಅದರ ಅಧ್ಯಕ್ಷರು ಆಂಗ್ಲಿಕನ್ ಮಹಾಧರ್ಮಾಧ್ಯಕ್ಷ ಡೆಸ್ಮಂಡ್ ಟುಟು. ನೊಂದವರು ಎಲ್ಲರ ಮುಂದೆ ತಮ್ಮ ನೋವನ್ನು ಹೇಳಿಕೊಂಡರು. ತಪ್ಪು ಮಾಡಿದವರು ಕ್ಷಮಾದಾನ ಬೇಕಾದರೆ ಮಾಡಿದ್ದನ್ನೆಲ್ಲ ಮುಚ್ಚಿಡದೆ ಹೇಳಬೇಕಿತ್ತು. ಏಳು ಸಾವಿರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರು. ಹೆಚ್ಚಿನವರಿಗೆ ಅದು ಸಿಗಲಿಲ್ಲ. ಎಲ್ಲರ ಗಾಯವೂ ಮಾಯಲಿಲ್ಲ. ಬಡವ ಬಲ್ಲಿದರ ಅಂತರ ಅಲ್ಲಿ ಈಗಲೂ ಕಣ್ಣಿಗೆ ರಾಚುತ್ತದೆ. ಆದರೂ ಸೇಡಿನ ರಕ್ತಪಾತಕ್ಕೆ ಇಳಿಯಬಹುದಾಗಿದ್ದ ಒಂದು ನಾಡು, ಕುಳಿತು ಸತ್ಯವನ್ನು ಕೇಳಿಸಿಕೊಳ್ಳಲು ಮನಸ್ಸು ಮಾಡಿತು.

ಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳುವ ಹೊತ್ತಿಗೆ ಹಿಂದಿನ ಸಾಲಿನ ಅಜ್ಜಿಯೊಬ್ಬರು ನಮ್ಮಿಬ್ಬರ ಕೈಗಳನ್ನೂ ಗಟ್ಟಿಯಾಗಿ ಹಿಡಿದುಕೊಂಡರು. ಅವರ ವಯಸ್ಸನ್ನು ನೋಡಿದರೆ ಆ ದಿನಗಳನ್ನು ಕಂಡವರೇ ಇರಬೇಕು. ಆ ತೂತುಗಳನ್ನು ಮುಚ್ಚುವುದು ದೊಡ್ಡ ಕೆಲಸವೇನಲ್ಲ. ಆದರೂ ಮುಚ್ಚಿಲ್ಲ. ಅವುಗಳ ಕೆಳಗೇ ಜನ ಶಾಂತಿಯನ್ನು ಹಂಚುತ್ತಾರೆ. ಪುನರುತ್ಥಾನರಾದ ಯೇಸುಸ್ವಾಮಿಯೂ ಮೊಳೆಯ ಗುರುತುಗಳನ್ನು ಅಳಿಸಿಕೊಂಡು ಬರಲಿಲ್ಲ. ಗಾಯದ ಕೈಗಳನ್ನು ತೋರಿಸಿಯೇ ಶಿಷ್ಯರಿಗೆ ಶಾಂತಿಯನ್ನು ನೀಡಿದರು.

ನಮ್ಮ ಮನೆಗಳಲ್ಲಿ ಹೇಗಿದೆ? ಗದ್ದೆಯ ಬದುವಿಗೆ, ಪಾಲಿನ ಪತ್ರಕ್ಕೆ, ಮದುವೆ ಮನೆಯಲ್ಲಿ ಆಡಿದ ಒಂದು ಮಾತಿಗೆ ಹತ್ತು ಹದಿನೈದು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಪೂಜೆಗೆ ಬರುತ್ತಾರೆ, ಬೇರೆ ಬೇರೆ ಬೆಂಚುಗಳಲ್ಲಿ ಕೂರುತ್ತಾರೆ. "ಆದದ್ದನ್ನು ಮರೆತುಬಿಡಿ" ಎಂದರೆ ಅವರಿಗೆ ಆಗುವುದಿಲ್ಲ. ಮರೆಯಬೇಕಾಗಿಯೂ ಇಲ್ಲ. ಆದದ್ದನ್ನು ಒಮ್ಮೆ ಎದುರೆದುರು ಕುಳಿತು ನಿಜವಾಗಿ ಹೇಳಿ, ಕೇಳಿ, ಕೈ ಹಿಡಿಯಲು ಸಾಧ್ಯವಿಲ್ಲವೇ?

ದುಃಖದ ಹೊಳೆ ಸಂತೋಷದ ಹೊಳೆಯನ್ನು ಸೇರಿದ ಮೇಲೆ ಮುಂದೆ ಹರಿಯುವ ನೀರಿಗೆ ಇರುವುದು ಒಂದೇ ಹೆಸರು. ನಕ್ಷೆಯಲ್ಲಿ ಅದು ಬ್ಲೈಡ್, ಅಂದರೆ ಸಂತೋಷ. ನಮ್ಮ ಕುಟುಂಬಗಳಲ್ಲೂ ಹಾಗೆಯೇ ಆಗಲಿ ಎಂದು ಪ್ರಾರ್ಥಿಸೋಣ.