ಜೀಪಿಗೆ ಮೊದಲು ಬ್ರೇಕು, ಆಮೇಲೆ ಟೈರು

ಅಮೆರಿಕದ ಹುಡುಗರ ಕನಸಿನಲ್ಲಿ ಮಸಲ್ ಕಾರು ಬರುತ್ತದಂತೆ. 1964ರ ಪಾಂಟಿಯಾಕ್ ಜಿಟಿಓ, ಅದೇ ವರ್ಷ ಬಂದ ಫೋರ್ಡ್ ಮಸ್ಟಾಂಗ್, ಆಮೇಲಿನ ಡಾಡ್ಜ್ ಚಾಲೆಂಜರ್. ನಮ್ಮ ದೇಶದಲ್ಲಿ ಅದಕ್ಕೆ ಹತ್ತಿರ ಕಂಡದ್ದು ಹಿಂದೂಸ್ತಾನ್ ಮೋಟಾರ್ಸ್‌ನವರು 1984ರಲ್ಲಿ ತಂದ ಕಾಂಟೆಸ್ಸಾ. ಉದ್ದ ಬಾನೆಟ್ಟು, ಅಗಲ ಭುಜ, ನೋಡಲು ಥೇಟ್ ಪೈಲ್ವಾನ. ಒಳಗೆ ಮಾತ್ರ ಅಂಬಾಸಿಡರ್ ಮನೆತನದ ಒಂದೂವರೆ ಲೀಟರ್ ಎಂಜಿನ್, ಶಕ್ತಿ 50 ಅಶ್ವಶಕ್ತಿಯ ಆಸುಪಾಸು. ಇಸುಜು ಎಂಜಿನ್ ಬಂದ ಮೇಲೆಯೇ ಅದಕ್ಕೆ ಸ್ವಲ್ಪ ಉಸಿರು ಬಂದದ್ದು.

ಆದರೆ ಆಲೂರು, ಬಾಳ್ಳುಪೇಟೆ, ಸಕಲೇಶಪುರದ ಕಡೆ ಇಪ್ಪತ್ತು ದಾಟಿದ ಯಾವ ಹುಡುಗನನ್ನಾದರೂ ಕೇಳಿ, ಅವನ ಕನಸಿನ ಗಾಡಿ ಕಾಂಟೆಸ್ಸಾ ಅಲ್ಲ, ಹಳೆಯ ಜೀಪು. ಅದಕ್ಕೆ ಕಾರಣವೂ ಇದೆ. ನಮ್ಮ ತೋಟಗಳಿಗೆ ಆಳು, ಗೊಬ್ಬರ, ಮೆಣಸಿನ ಚೀಲ, ಶುಂಠಿ ಮೂಟೆ ಎಲ್ಲವನ್ನೂ ದಶಕಗಟ್ಟಲೆ ಹೊತ್ತದ್ದು ಅದೇ. ಕೆಸರಿನಲ್ಲಿ ಬೇರೆ ಗಾಡಿಗಳು ಹೂತಾಗ ಎಳೆದು ಹಾಕಿದ್ದೂ ಅದೇ. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಮುಂಬೈನಲ್ಲಿ ಜೋಡಿಸಲು ಶುರು ಮಾಡಿದರು. ಮುಂದೆ ಬಂದ ಸಿಜೆ 3ಬಿ ಮಾದರಿಯ ಬಾನೆಟ್ಟು ಅಷ್ಟು ಎತ್ತರ ಯಾಕೆ ಎಂದು ಅನೇಕರು ಕೇಳುತ್ತಾರೆ. ಅದು ಅಂದಕ್ಕೆ ಮಾಡಿದ್ದಲ್ಲ. ಒಳಹೋಗುವ ವಾಲ್ವುಗಳನ್ನು ಎಂಜಿನ್ ತಲೆಯ ಮೇಲೆ ಕೂರಿಸಿದ್ದರಿಂದ ಹೊಸ ಎಂಜಿನ್ ಎತ್ತರವಾಯಿತು, ಬಾನೆಟ್ಟು ಅದಕ್ಕೆ ತಕ್ಕಂತೆ ಎದ್ದಿತು. ಅಮೆರಿಕದಲ್ಲಿ ಆ ಮಾದರಿ 1968ಕ್ಕೆ ನಿಂತಿತು, ನಮ್ಮಲ್ಲಿ ಮುಂದುವರಿಯಿತು. ಅದರ ನಂತರದ ಪೀಳಿಗೆಯ ಎಂಎಂ 540ಕ್ಕೆ ಪ್ಯೂಜೊ ಡೀಸೆಲ್ ಎಂಜಿನ್ ಬಂತು. ಈಗ ಮನೆಯ ಹಿರಿಯರು ಬೊಲೆರೊ ತಗೊಂಡಿದ್ದಾರೆ. ಜೀಪು ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ನಿಂತಿದೆ. ಅದರ ಮೇಲೆ ಮನೆಯ ಎಂಜಿನಿಯರಿಂಗ್ ಹುಡುಗನ ಕಣ್ಣು.

ಹುಡುಗನ ಕೈಯಲ್ಲಿ ಇರುವುದು ಎಷ್ಟು? ಸ್ಕಾಲರ್‌ಶಿಪ್ಪಿನಲ್ಲಿ ಉಳಿದದ್ದು, ಕೊಯ್ಲಿನ ರಜೆಯಲ್ಲಿ ದುಡಿದದ್ದು, ಅಜ್ಜಿ ಯಾರಿಗೂ ಹೇಳಬೇಡ ಎಂದು ಕೊಟ್ಟದ್ದು, ಎಲ್ಲ ಸೇರಿ ಐವತ್ತು–ಅರವತ್ತು ಸಾವಿರ ಅಂತಿಟ್ಟುಕೊಳ್ಳಿ. ಇದನ್ನು ಎಲ್ಲಿ ಸುರಿಯಬೇಕು ಎಂಬುದೇ ನನ್ನ ಮಾತು. ಯಾಕೆಂದರೆ ನಾನು ನೋಡಿದ ಮಟ್ಟಿಗೆ ಈ ದುಡ್ಡು ಹೋಗುವ ಕ್ರಮ ಎಲ್ಲ ಕಡೆಯೂ ಒಂದೇ. ಮೊದಲು ದಪ್ಪ ಟೈರು. ನಾಲ್ಕು ಒಳ್ಳೆಯ ಆಫ್‌ರೋಡ್ ಟೈರು ತಗೊಳ್ಳುವಷ್ಟರಲ್ಲೇ ಅರ್ಧ ಲಕ್ಷ ದಾಟುತ್ತದೆ. ಆಮೇಲೆ ಸಾಲ ಮಾಡಿ ಎಲ್‌ಇಡಿ ಬಾರು, ಕಬ್ಬಿಣದ ಬಂಪರು, ಸೈಲೆನ್ಸರು. ಫೋಟೊ ಚೆನ್ನಾಗಿ ಬರುತ್ತದೆ. ಬ್ರೇಕು ಮಾತ್ರ ಅಜ್ಜನ ಕಾಲದ್ದೇ.

ಟೈರಿನ ವಿಷಯವನ್ನೇ ತಗೊಳ್ಳಿ. ಹಳೆಯ ಜೀಪಿನ ಆರು–ಹದಿನಾರರ ಟೈರಿನ ವ್ಯಾಸ ಸುಮಾರು 28 ಇಂಚು. ಅದನ್ನು ತೆಗೆದು 31 ಇಂಚಿನದು ಹಾಕಿದರೆ ತ್ರಿಜ್ಯ ಶೇಕಡ ಹತ್ತರಷ್ಟು ಹೆಚ್ಚಾಗುತ್ತದೆ. ಬ್ರೇಕ್ ಡ್ರಮ್ಮು ಕೊಡುವ ಟಾರ್ಕ್ ಮೊದಲಿನಷ್ಟೇ. ಟಾರ್ಕನ್ನು ತ್ರಿಜ್ಯದಿಂದ ಭಾಗಿಸಿದರೆ ನೆಲದ ಮೇಲೆ ಸಿಗುವ ಬಲ. ಅಂದರೆ ಪೆಡಲನ್ನು ಅಷ್ಟೇ ಒತ್ತಿದರೂ ಗಾಡಿ ನಿಲ್ಲಿಸುವ ಬಲ ಶೇಕಡ ಹತ್ತರ ಹತ್ತಿರ ಕಡಿಮೆಯಾಯಿತು. ಟೈರಿನ ತೂಕ ಬೇರೆ ಹೆಚ್ಚಾಯಿತು, ತಿರುಗುವ ತೂಕವನ್ನು ನಿಲ್ಲಿಸುವುದು ಇನ್ನೂ ಕಷ್ಟ. ಸ್ಪೀಡೋಮೀಟರು ಸಹ ಸುಳ್ಳು ಹೇಳುತ್ತದೆ, ಅದು 50 ತೋರಿಸುವಾಗ ನೀವು 55ರಲ್ಲಿ ಇರುತ್ತೀರಿ. (ಹಳೆಯ ಜೀಪುಗಳಲ್ಲಿ ಸ್ಪೀಡೋಮೀಟರ್ ಕೆಲಸ ಮಾಡುತ್ತಿದ್ದರೆ ಅಂತ ಸೇರಿಸಿಕೊಳ್ಳಿ.) ಇದು ಪಿಯುಸಿಯ ಭೌತಶಾಸ್ತ್ರ. ನಾವು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೇವೆ. ಗ್ಯಾರೇಜಿಗೆ ಹೋಗುವಾಗ ಅದನ್ನು ಕ್ಲಾಸಿನಲ್ಲೇ ಬಿಟ್ಟು ಹೋಗುತ್ತೇವೆ.

ಬಯಲು ಸೀಮೆಯಾದರೆ ಹೇಗೋ ನಡೆಯಬಹುದು. ನಮ್ಮದು ಘಟ್ಟದ ಬಾಗಿಲು. ಮಾರನಹಳ್ಳಿ ದಾಟಿದರೆ ಶಿರಾಡಿ ಇಳಿಜಾರು, ಆ ಕಡೆ ಬಿಸಿಲೆ. ಒಂದೂವರೆ ಟನ್ ತೂಕದ ಜೀಪು 500 ಮೀಟರು ಕೆಳಗೆ ಇಳಿಯಿತು ಎನ್ನಿ. ಆಗ ಬಿಡುಗಡೆಯಾಗುವ ಶಕ್ತಿ ಎಪ್ಪತ್ತು ಲಕ್ಷ ಜೂಲ್‌ಗಿಂತ ಹೆಚ್ಚು. ಬಚ್ಚಲು ಹಂಡೆಯಲ್ಲಿ ಇಪ್ಪತ್ತು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವಷ್ಟು ಶಾಖ. ಕಡಿಮೆ ಗೇರಿನಲ್ಲಿ ಇಳಿದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ನೇ ನುಂಗುತ್ತದೆ. ಡೀಸೆಲ್ ಉಳಿಸುತ್ತೇನೆ ಎಂದು ನ್ಯೂಟ್ರಲ್ ಮಾಡಿ ಬಿಟ್ಟರೆ ಅಷ್ಟೂ ಬ್ರೇಕಿನ ತಲೆಯ ಮೇಲೆ. ನಮ್ಮ ಕಡೆ ಈ ನ್ಯೂಟ್ರಲ್ ಚಾಳಿ ದೊಡ್ಡವರಿಂದಲೇ ಬಂದದ್ದು, ಹುಡುಗರನ್ನು ಮಾತ್ರ ಬೈದು ಪ್ರಯೋಜನವಿಲ್ಲ.

ಇಲ್ಲಿ ಬ್ರೇಕ್ ಆಯಿಲ್ ವಿಷಯ ಹೇಳಲೇಬೇಕು. ಈ ಎಣ್ಣೆಗೆ ಗಾಳಿಯಲ್ಲಿರುವ ತೇವವನ್ನು ಹೀರುವ ಗುಣವಿದೆ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಮಲೆನಾಡಿನ ಮಳೆಗಾಲವನ್ನು ಶೆಡ್ಡಿನಲ್ಲಿ ಹತ್ತು ಸಲ ಕಳೆದ ಜೀಪಿನ ಎಣ್ಣೆ ಎಷ್ಟು ನೀರು ಕುಡಿದಿರುತ್ತದೆ ಎಂದು ನೀವೇ ಊಹಿಸಿ. ಇಳಿಜಾರಿನಲ್ಲಿ ಡ್ರಮ್ಮು ಕಾದು ಎಣ್ಣೆ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ಎಣ್ಣೆಯನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲು ಸೀದಾ ನೆಲಕ್ಕೆ. ಅದರಲ್ಲೂ ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟ್. ಎಲ್ಲೋ ಒಂದು ಕಡೆ ಸೋರಿದರೂ ನಾಲ್ಕೂ ಹೋದವು. ಇಡೀ ಎಣ್ಣೆ ಬದಲಿಸಿ ಗಾಳಿ ತೆಗೆಯಲು ಬೇಕಾದದ್ದು ಕೆಲವು ನೂರು ರೂಪಾಯಿ, ಪೆಡಲ್ ಒತ್ತಿ ಹಿಡಿಯಲು ಒಬ್ಬ ಗೆಳೆಯ, ಒಂದು ಪಾರದರ್ಶಕ ಪೈಪು, ಒಂದು ಮಧ್ಯಾಹ್ನ. ಜೀಪಿಗೆ ಮಾಡಬಹುದಾದ ಎಲ್ಲ ಮಾಡಿಫಿಕೇಶನ್‌ಗಳಲ್ಲಿ ಇದಕ್ಕಿಂತ ಅಗ್ಗದ್ದು, ಇದಕ್ಕಿಂತ ದೊಡ್ಡದು ನನಗೆ ಕಂಡಿಲ್ಲ. ಇದರ ಫೋಟೊ ಹಾಕಿದರೆ ಮಾತ್ರ ಯಾರೂ ಲೈಕ್ ಕೊಡುವುದಿಲ್ಲ.

ನಮ್ಮ ಕಡೆಯ ಒಬ್ಬ ಹಿರಿಯ ಮೇಸ್ತ್ರಿಯನ್ನು, ಯಾವ ಟೈರು ಹಾಕಿದರೆ ಚೆನ್ನಾಗಿ ಓಡುತ್ತೆ ಮೇಸ್ತ್ರಿ ಅಂತ ಒಮ್ಮೆ ಕೇಳಿದ್ದೆ. ಅವರು ತಲೆ ಎತ್ತದೆ, “ಓಡೋದು ಆಮೇಲಾಯ್ತು ಕಣಪ್ಪ, ನಿಲ್ಲುತ್ತಾ ನೋಡು ಮೊದ್ಲು” ಅಂದರು. ನಾಲ್ಕು ಚಕ್ರ ಬಿಚ್ಚಿಸಿ, ಲೈನರ್ ಸವೆದಿದೆಯಾ, ವೀಲ್ ಸಿಲಿಂಡರಿನ ರಬ್ಬರ್ ಸೋರುತ್ತಿದೆಯಾ, ಡ್ರಮ್ಮಿನೊಳಗೆ ಗೀರು ಬಿದ್ದಿದೆಯಾ ಎಂದು ಬೆರಳಿನಿಂದ ಮುಟ್ಟಿ ತೋರಿಸಿದರು. ಆಮೇಲೆ ಮುಂದಿನ ಚಕ್ರವನ್ನು ಜಾಕಿನ ಮೇಲೆ ಎತ್ತಿ ಮೇಲೆ–ಕೆಳಗೆ ಹಿಡಿದು ಅಲ್ಲಾಡಿಸಿದರೆ ಕಿಂಗ್‌ಪಿನ್ ಬೇರಿಂಗಿನ ಸಡಿಲ ಕೈಗೇ ತಿಳಿಯುತ್ತದೆ ಎಂದರು. ನಲವತ್ತರ ವೇಗದಲ್ಲಿ ಸ್ಟೀರಿಂಗ್ ಇದ್ದಕ್ಕಿದ್ದಂತೆ ದಡದಡ ನಡುಗುತ್ತದಲ್ಲ, ಅದರ ಬೇರು ಹೆಚ್ಚಾಗಿ ಇಂಥ ಸಡಿಲದಲ್ಲೇ ಇರುತ್ತದೆ.

ಇನ್ನು ಎತ್ತರ ಮಾಡುವ ಹುಚ್ಚು. ದುಡ್ಡು ಕಡಿಮೆ ಇರುವವರು ಸ್ಪ್ರಿಂಗ್ ಪಟ್ಟಿ ಬದಲಿಸದೆ ಉದ್ದನೆಯ ಶ್ಯಾಕಲ್ ಬೆಸುಗೆ ಹಾಕಿಸಿ ಮುಂಭಾಗ ಎತ್ತುತ್ತಾರೆ. ಹಾಗೆ ಎತ್ತಿದಾಗ ಮುಂದಿನ ಆಕ್ಸಲ್ ಸ್ವಲ್ಪ ಹೊರಳಿ ಕ್ಯಾಸ್ಟರ್ ಕೋನ ತಪ್ಪುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುತ್ತದಲ್ಲ, ಅದು ಈ ಕೋನದ ಕೃಪೆ. ಜೊತೆಗೆ ಗಾಡಿಯ ಭಾರಕೇಂದ್ರ ಮೇಲಕ್ಕೆ ಹೋಗುತ್ತದೆ, ಮೊದಲೇ ಕಿರಿದಾದ ಗಾಡಿ ಪಲ್ಟಿಯಾಗುವುದಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ.

ಎಲ್‌ಇಡಿ ಬಾರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಂಜು ಮುಸುಕಿದ ರಸ್ತೆಯಲ್ಲಿ ತಲೆಯ ಮೇಲಿಂದ ಬೆಳಕು ಚೆಲ್ಲಿದರೆ ಅದು ಮಂಜಿಗೆ ತಾಗಿ ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಮಂಜಿನ ದೀಪವನ್ನು ಬಂಪರಿನ ಮಟ್ಟದಲ್ಲಿ ಕೆಳಗೆ ಇಡುವುದು ಅದಕ್ಕೇ. ಎದುರಿನಿಂದ ಬರುವ ಬೈಕಿನವನು ಕುರುಡನಾಗುತ್ತಾನೆ. ನಮ್ಮ ಆಲೂರು–ಸಕಲೇಶಪುರ ರಾತ್ರಿ ರಸ್ತೆಗೆ ಕಾಡಾನೆ ಬರುವ ಸೀಮೆ. ಕಣ್ಣು ಕೋರೈಸಿಕೊಂಡ ಬೈಕ್ ಸವಾರನ ಎದುರು ಆನೆ ನಿಂತಿದ್ದರೆ? ಸೈಲೆನ್ಸರ್ ಒಡೆದು ಗುಡುಗಿಸುತ್ತ ತೋಟದ ದಾರಿಯಲ್ಲಿ ಹೋಗುವವರಿಗೂ ಇದೇ ಪ್ರಶ್ನೆ.

ಕಾನೂನಿನ ಕಡೆ ಬರೋಣ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿರುವ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಅಕ್ರಮ ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಬೀಳಬಹುದು. ಆರ್‌ಸಿ ಇರುವುದು ಅಪ್ಪನ ಹೆಸರಿನಲ್ಲಿ ಎಂಬುದು ನೆನಪಿರಲಿ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಆಗ ಗಾಡಿಯನ್ನು ಆರ್‌ಟಿಒ ಎದುರು ನಿಲ್ಲಿಸಲೇಬೇಕು. ಹಿಂದಿನ ದಿನ ಹಳೆ ಟೈರು ಬಾಡಿಗೆಗೆ ತಂದು ಹಾಕಿ, ಎಫ್‌ಸಿ ಆದ ಮೇಲೆ ಮತ್ತೆ ದಪ್ಪ ಟೈರು ಹಾಕುವ ನಾಟಕ ಎಲ್ಲರಿಗೂ ಗೊತ್ತು.

ಇನ್ನೊಂದು ನಷ್ಟವನ್ನು ಯಾರೂ ಲೆಕ್ಕ ಹಾಕುವುದಿಲ್ಲ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮದಂತೆ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರುವ ವಾಹನಕ್ಕೆ ಪ್ರತ್ಯೇಕ ನೋಂದಣಿ ಸಿಗುತ್ತದೆ. ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ್‍ಯಾಲಿಗೆ ಮಾತ್ರ. ಆದರೂ ಅಜ್ಜ ಎಪ್ಪತ್ತರ ದಶಕದ ಆರಂಭದಲ್ಲಿ ತಂದ ಸಿಜೆ 3ಬಿ ಈಗ ಆ ಸಾಲಿಗೆ ಸೇರಬಲ್ಲದು. ಅದರ ಬಾಡಿ ಕತ್ತರಿಸಿ, ಚಾಸಿ ಬೆಸುಗೆ ಹಾಕಿಸಿ ‘ಮಾಡರ್ನ್’ ಮಾಡಿದವನಿಗೆ ಆ ಬಾಗಿಲು ಮುಚ್ಚಿತು.

ಹಾಗೆಂದು ನಾನು ಕಾನೂನಿನ ಪರ ವಕೀಲನಲ್ಲ, ಅದರ ಮೇಲೂ ನನಗೆ ತಕರಾರಿದೆ. ರೀಲ್ಸ್ ನೋಡುವವರು ಹೇಗೆ ಹೊರಗಿನದನ್ನಷ್ಟೇ ನೋಡುತ್ತಾರೋ, ನಮ್ಮ ರಸ್ತೆ ತಪಾಸಣೆಯೂ ಬಹುಮಟ್ಟಿಗೆ ಹೊರಗಿನದನ್ನೇ ನೋಡುತ್ತದೆ. ಮೂಲ ಟೈರು, ಮೂಲ ಬಣ್ಣ, ಕುದಿಯಲು ಸಿದ್ಧವಾದ ಹತ್ತು ವರ್ಷದ ಬ್ರೇಕ್ ಎಣ್ಣೆ ಇರುವ ಜೀಪು ಚೆಕ್‌ಪೋಸ್ಟ್ ಆರಾಮಾಗಿ ದಾಟುತ್ತದೆ. ಜರ್ಮನಿಯಲ್ಲಿ ಬದಲಾವಣೆ ಮಾಡಿದ ಕಾರನ್ನು ಟಿಯುವಿಯಂಥ ಸಂಸ್ಥೆಗೆ ಒಯ್ದರೆ ಎಂಜಿನಿಯರ್ ಪರೀಕ್ಷಿಸಿ, ಸರಿಯಿದ್ದರೆ ಕಾಗದದಲ್ಲಿ ನಮೂದಿಸುತ್ತಾರೆ. ನಮ್ಮ ಹುಡುಗನೊಬ್ಬ ಲೆಕ್ಕ ಹಾಕಿ, ಮೇಸ್ತ್ರಿಯ ಜೊತೆ ಕೂತು, ಬ್ರೇಕನ್ನು ಕಂಪನಿ ಕೊಟ್ಟದ್ದಕ್ಕಿಂತ ಉತ್ತಮ ಮಾಡಿದರೆ ಅದನ್ನು ತೋರಿಸಿ ಒಪ್ಪಿಗೆ ಪಡೆಯಲು ವಿದ್ಯಾರ್ಥಿಯ ಕೈಗೆಟುಕುವ ದಾರಿ ಕಾಣುವುದಿಲ್ಲ. ಲೆಕ್ಕ ಹಾಕಿದವನೂ ಹಾಕದವನೂ ಒಂದೇ ತಕ್ಕಡಿಯಲ್ಲಿ. ಜಿಲ್ಲೆಗೊಂದು ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗಕ್ಕೆ ಆರ್‌ಟಿಒ ಜೊತೆ ಸೇರಿ ಇಂಥ ಪರೀಕ್ಷೆಯ ಅಧಿಕಾರ ಕೊಡಬಾರದೇಕೆ? ನಮಗೂ ಪ್ರಾಜೆಕ್ಟ್ ವರ್ಕ್ ಎಂದರೆ ಅಂಗಡಿಯಿಂದ ಕೊಂಡು ತರುವುದು ಎಂಬ ಸ್ಥಿತಿ ಸ್ವಲ್ಪ ತಪ್ಪೀತು.

ಮಜಾ ಎಲ್ಲಿದೆ ಇದರಲ್ಲಿ ಎಂದು ಗೆಳೆಯರು ಕೇಳುತ್ತಾರೆ. ಗಾಡಿಯನ್ನು ಸೊನ್ನೆಯಿಂದ ಕಟ್ಟುವ ಮಜಾ ಬೇಕಾದವರಿಗೆ ಎಸ್‌ಎಇ ಇಂಡಿಯಾದ ಬಾಹಾ ಸ್ಪರ್ಧೆ ಇದೆ. ಅಲ್ಲಿ ವಿದ್ಯಾರ್ಥಿ ತಂಡಗಳೇ ಚಾಸಿ ವಿನ್ಯಾಸ ಮಾಡಿ, ಬೆಸುಗೆ ಹಾಕಿ, ಗುಡ್ಡಗಾಡಿನ ಗಾಡಿ ತಯಾರಿಸುತ್ತವೆ. ಓಟಕ್ಕೆ ಇಳಿಯುವ ಮುನ್ನ ಅಲ್ಲಿ ಬ್ರೇಕ್ ಪರೀಕ್ಷೆ ಪಾಸಾಗಬೇಕು. ಪೆಡಲ್ ಒತ್ತಿದಾಗ ನಾಲ್ಕೂ ಚಕ್ರ ಲಾಕ್ ಆಗದಿದ್ದರೆ ನಿಮ್ಮ ಗಾಡಿ ಎಷ್ಟು ಚಂದ ಇದ್ದರೂ ಪಕ್ಕಕ್ಕೆ ನಿಲ್ಲಬೇಕು.

ಶೆಡ್ಡಿನ ಜೀಪಿಗೆ ಮರಳಿದರೆ, ಬ್ರೇಕು, ಕಿಂಗ್‌ಪಿನ್, ಸ್ಟೀರಿಂಗ್ ಜಾಯಿಂಟುಗಳಾದ ಮೇಲೆ ಇಲಿ ಕಡಿದ ವೈರಿಂಗ್ ಬದಲಿಸಿ, ಪ್ರತಿ ಲೈನಿಗೂ ಸರಿಯಾದ ಫ್ಯೂಸ್ ಹಾಕಿ. ರೇಡಿಯೇಟರ್ ತೊಳೆಸಿ. ಸೀಟ್ ಬೆಲ್ಟ್ ಇಲ್ಲದಿದ್ದರೆ ಗಟ್ಟಿ ಜಾಗ ನೋಡಿ ಕೂರಿಸಿ, ಬರೀ ತಗಡಿಗೆ ಬೋಲ್ಟ್ ಹಾಕಿದರೆ ಎಳೆತಕ್ಕೆ ಕಿತ್ತು ಬರುತ್ತದೆ. ಆಗಲೂ ದುಡ್ಡು ಉಳಿದು, ಟೈರು ಬೇಕೇ ಬೇಕು ಅನ್ನಿಸಿದರೆ ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆಯ ಕಚ್ಚಿನ ಟೈರುಗಳು ಸಿಗುತ್ತವೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವ ನಾಲ್ಕು ಅಂಕಿ ಓದಿ. 2318 ಎಂದಿದ್ದರೆ ಅದು 2018ರ 23ನೇ ವಾರದಲ್ಲಿ ತಯಾರಾದದ್ದು. ಕಚ್ಚು ಎಷ್ಟೇ ಆಳವಾಗಿ ಕಂಡರೂ, ಅಂಗಡಿಯವರು ‘ಹೊಸದೇ ಇದ್ದಂಗಿದೆ’ ಎಂದರೂ, ರಬ್ಬರಿನ ವಯಸ್ಸು ಅಲ್ಲೇ ಬರೆದಿರುತ್ತದೆ.