ನೃಪತುಂಗನ ಕಾಲದ ಒಂದು ಹಾರ

ಮಾಲೂರಿನ ಬಸ್ ನಿಲ್ದಾಣದ ಬಳಿ ಹಾರ ಕಟ್ಟುವವರನ್ನು ನೋಡಿದ್ದೀರಾ? ನಡುವೆ ದಪ್ಪ ಹೂವು, ಎರಡೂ ಕಡೆಗೆ ಬರಬರುತ್ತಾ ಸಣ್ಣವು. ಯಾವ ತುದಿಯಿಂದ ಎಣಿಸಿದರೂ ಒಂದೇ. ಸಂಖ್ಯೆಗಳಲ್ಲೂ ಇಂಥ ಹಾರಗಳಿವೆ. 12345654321 ಅನ್ನೇ ನೋಡಿ. ಓದಬೇಕಾದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎನ್ನಬೇಕು. ಉಸಿರು ಕಟ್ಟುತ್ತದೆ!

ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯರಿಗೆ ಈ ತೊಂದರೆಯೇ ಇರಲಿಲ್ಲ. ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ ಎಂದುಬಿಟ್ಟರು. ಅವರ ಸಂಸ್ಕೃತ ಗ್ರಂಥ 'ಗಣಿತಸಾರಸಂಗ್ರಹ'ದ ಗುಣಾಕಾರದ ಲೆಕ್ಕಗಳಲ್ಲಿ ಇಂಥ ಹಾರಗಳು ಹಲವಾರಿವೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಸಾಲಾಗಿ ಎಂಟು ಒಂದುಗಳು. 27994681ನ್ನು 441ರಿಂದ ಗುಣಿಸಿದರೆ ನಮ್ಮ ಹಾರ. ಈ ಗ್ರಂಥವನ್ನು 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು.

ಇದರ ಗುಟ್ಟೇನು? 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿ, 111111 ಬರುತ್ತದೆ. ಹಾಗಾದರೆ ನಮ್ಮ ಹಾರ 111111ರ ವರ್ಗ. ಕಾಗದದ ಮೇಲೆ ಗುಣಿಸಿ ನೋಡಿ. ಆರು ಒಂದುಗಳ ಸಾಲನ್ನು ಆರು ಸಲ, ಪ್ರತಿ ಸಲವೂ ಒಂದು ಮನೆ ಎಡಕ್ಕೆ ಸರಿಸಿ ಬರೆಯುತ್ತೀರಿ. ಕೂಡುವಾಗ ತುದಿಯ ಮನೆಯಲ್ಲಿ ಒಂದೇ ಒಂದು, ಪಕ್ಕದಲ್ಲಿ ಎರಡು, ನಡುವೆ ಆರು. ಮೊಬೈಲ್ ಉತ್ತರವನ್ನೇನೋ ಕೊಡುತ್ತದೆ, ಈ ಮೆಟ್ಟಿಲುಗಳನ್ನು ತೋರಿಸುವುದಿಲ್ಲ.

ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಇದನ್ನು ಹೇಳುತ್ತಾ, ಉತ್ಸಾಹದಲ್ಲಿ, "ಎಷ್ಟು ಒಂದು ಹಾಕಿದರೂ ಹಾರ ಬೆಳೀತಾನೇ ಇರುತ್ತೆ" ಎಂದುಬಿಟ್ಟೆ. ಮರುದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನೋಟ್‌ಬುಕ್ ತಂದಳು. "ಹತ್ತು ಒಂದು ಹಾಕಿದ್ರೆ ಬರಲ್ಲ ಸಾರ್." ದಶಕ ತಪ್ಪಿರಬೇಕಮ್ಮ, ಇನ್ನೊಂದು ಸಲ ಮಾಡು ಎಂದು ಕಳಿಸಿದೆ. ಮಾಡಿ ತಂದಳು, ಅದೇ ಉತ್ತರ. ಕೊನೆಗೆ ನಾನೇ ಬೋರ್ಡಿನ ಮೇಲೆ ಮಾಡಿದೆ: 1234567900987654321. ನಡುವಿನ ಮನೆಯಲ್ಲಿ ಹತ್ತು ಬಂದು, ಸೊನ್ನೆ ಬರೆದು ದಶಕ ಒಂದನ್ನು ಎಡಕ್ಕೆ ಕೊಡಬೇಕಾಯಿತು. ಅಲ್ಲಿನ ಒಂಬತ್ತೂ ಹತ್ತಾಯಿತು. ಅದರಾಚೆಯ ಎಂಟು ಒಂಬತ್ತಾಯಿತು. ಹಾರ ಹರಿಯಿತು. ಒಂಬತ್ತು ಒಂದುಗಳವರೆಗೆ ಮಾತ್ರ ಅದು ಸರಿ. ತಪ್ಪು ನನ್ನದೇ ಎಂದು ತರಗತಿಗೆ ಹೇಳಿದೆ. ದಶಕ ತಪ್ಪಿದ್ದವಳು ಅವಳಲ್ಲ ಎಂಬುದನ್ನೂ ಹೇಳಿದೆ.

ಆ ವಾರ ಪೋಷಕರ ಸಭೆಯಲ್ಲಿ ಅವಳ ತಂದೆ ಕೇಳಿದರು: "ಇದು ಪರೀಕ್ಷೆಗೆ ಬರ್ತದಾ ಸಾರ್?" ಬರೋದಿಲ್ಲ ಎಂದೆ. ಅವರ ಮುಖ ಸಪ್ಪಗಾಯಿತು. ನೋಟ್‌ಬುಕ್ ತೆಗೆದು ಆ ಪುಟ ತೋರಿಸಿದೆ. ಬಹಳ ಹೊತ್ತು ನೋಡುತ್ತಾ ನಿಂತಿದ್ದರು.

ಈ ವಾರಕ್ಕೆ ಒಂದು ಕೆಲಸ. ನಮ್ಮ ಹಾರದ ಅಂಕಿಗಳನ್ನೆಲ್ಲ ಕೂಡಿ, 36 ಬರುತ್ತದೆ. ಅದರಿಂದ ಹಾರವನ್ನು ಗುಣಿಸಿದರೆ ಬರುವುದು 666666ರ ವರ್ಗ. ಏಕೆ? ಏಳು ಒಂದುಗಳ ಹಾರಕ್ಕೂ ಹೀಗೇ ಆಗುತ್ತದೆಯೇ? ಮೊಬೈಲ್ ಅಪ್ಪನ ಜೇಬಿನಲ್ಲೇ ಇರಲಿ.